ಓವನ್‌ನಲ್ಲಿಟ್ಟ ಬಾದಾಮಿಯನ್ನು ‘ಹುರಿದದ್ದು’ ಎನ್ನಬಹುದೇ?

ನಮಸ್ಕಾರ.

ಮನೆಯಲ್ಲಿ ಬಗೆಬಗೆಯ ಬೀಜ ಹುರಿಯುವ ಕ್ರಮವನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಬಾದಾಮಿ, ಗೋಡಂಬಿ, ಅಕ್ರೋಟು, ಪಿಸ್ತಾ, ಹೇಝಲ್‌ನಟ್, ಶೇಂಗಾ, ಇಷ್ಟು. ಕೆಲಸ ಸಣ್ಣದು, ಸಿಕ್ಕಿಕೊಂಡಿರುವುದು ಒಂದು ಕ್ರಿಯಾಪದದಲ್ಲಿ. ಬಾಣಲೆಗೆ ಹಾಕಿ ಕೈಯಾಡಿಸಿದರೆ ಅದು ಹುರಿಯುವುದು, ಅನುಮಾನವಿಲ್ಲ. ತಟ್ಟೆಯಲ್ಲಿ ಹರಡಿ ಓವನ್ನಿನೊಳಗಿಟ್ಟು ಬಾಗಿಲು ಮುಚ್ಚಿದರೆ? ಅದಕ್ಕೂ ‘ಹುರಿ’ ಒಪ್ಪುತ್ತದೆಯೇ, ‘ಬೇಯಿಸು’ ಎನ್ನಬೇಕೇ, ಇಲ್ಲ ‘ಟೋಸ್ಟ್ ಮಾಡಿ’ ಎಂದು ಬರೆದು ಕೈತೊಳೆದುಕೊಳ್ಳುವುದೇ?

ಇರುವ ಪದಗಳನ್ನೆಲ್ಲ ಒಮ್ಮೆ ತೂಗಿ ನೋಡಿದೆ. ‘ಕರಿ’ ಎಂದರೆ ಎಣ್ಣೆಯಲ್ಲಿ ಮುಳುಗಿಸಬೇಕು. ‘ಕಾಯಿಸು’ ಹಾಲು, ನೀರು, ಎಣ್ಣೆಯಂಥ ಹರಿಯುವ ವಸ್ತುವಿಗೆ. ‘ಬಾಡಿಸು’ ಎಂದರೆ ಸೊಪ್ಪೋ ಈರುಳ್ಳಿಯೋ ಮೆತ್ತಗಾಗಬೇಕು. ಬೀಜದಲ್ಲಿ ನಮಗೆ ಬೇಕಾದದ್ದು ಅದರ ತದ್ವಿರುದ್ಧ. ‘ಸುಡು’ ಕೆಂಡದ, ಬೆಂಕಿಯ ಮಾತು. ‘ಬೇಯಿಸು’ ಎಂದಾಗ ನೀರಿನ ನೆನಪಾಗುತ್ತದೆ, ಬೆಂದ ಪದಾರ್ಥ ಮೆತ್ತಗಾಗುತ್ತದೆ. ಬಾದಾಮಿಯನ್ನು ಓವನ್ನಿನಲ್ಲಿ ಬೇಯಿಸಿ ಎಂದು ಬರೆದರೆ ಓದುವವರು ಒಂದು ಲೋಟ ನೀರು ಸುರಿದಾರು. ಹೀಗೆ ಒಂದೊಂದನ್ನೇ ತೆಗೆದುಹಾಕಿದರೆ ಉಳಿಯುವುದು ‘ಹುರಿ’ ಒಂದೇ.

ಆದರೆ ಅದರಲ್ಲೂ ಒಂದು ತೊಡಕಿದೆ. ‘ಬೇಯಿಸು’ವಿಗೆ ‘ಬೇಯು’ ಇದೆ, ‘ಬಾಡಿಸು’ವಿಗೆ ‘ಬಾಡು’ ಇದೆ, ‘ಕಾಯಿಸು’ವಿಗೆ ‘ಕಾಯು’ ಇದೆ. ಅನ್ನ ತಾನೇ ಬೇಯುತ್ತದೆ, ನೀರು ತಾನೇ ಕಾಯುತ್ತದೆ. ಬೀಜ ಮಾತ್ರ ತಾನೇ ಹುರಿಯುವುದಿಲ್ಲ, ಯಾರಾದರೂ ಹುರಿಯಬೇಕು. ‘ಬೀಜ ಹುರಿಯಿತು’ ಎಂಬುದು ನನ್ನ ಕಿವಿಗೆ ಒಗ್ಗದು. ‘ಹುರಿದಾಯಿತು’, ‘ಹದಕ್ಕೆ ಬಂತು’ ಎನ್ನುತ್ತೇವೆ. ‘ಕರಿ’ಯದೂ ಇದೇ ಕಥೆ. ಅಂದರೆ ಈ ಪದದೊಳಗೆ ಕೈಯಾಡಿಸುವವರೊಬ್ಬರು ನಿಂತೇ ಇದ್ದಾರೆ. ಓವನ್ ಆ ಕೈಯನ್ನು ಬಿಡಿಸಿಬಿಡುತ್ತದೆ. ಅದಕ್ಕೇ ‘ಓವನ್ನಿನಲ್ಲಿ ಹುರಿಯಿರಿ’ ಎಂದಾಗ ಕೆಲವರಿಗೆ ಕಸಿವಿಸಿಯಾಗುವುದು ಎಂದು ನನ್ನ ಊಹೆ. (‘ಪಾಲು’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ, ಹಳಗನ್ನಡದ ‘ಪುರಿ’ಯೇ ‘ಹುರಿ’ಯಾದದ್ದು. ಹಗ್ಗದ ‘ಹುರಿ’ ಬೇರೆ. ‘ಹುರಿದು ಮುಕ್ಕಿದರು’ ಎನ್ನುವಾಗ ಬಾಣಲೆಯೂ ಇಲ್ಲ, ಓವನ್ನೂ ಇಲ್ಲ, ಹುರಿಯುವವರು ಮಾತ್ರ ಇದ್ದೇ ಇರುತ್ತಾರೆ.)

ಹಾಗಿದ್ದೂ ನನ್ನ ಓಟು ‘ಹುರಿ’ಗೇ. ಓವನ್ನಿನಲ್ಲೂ ಕೈ ಪೂರ್ತಿ ಬಿಡುವು ಪಡೆಯುವುದಿಲ್ಲ. ಸುಮಾರು 175 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡೀ ಬಾದಾಮಿಗೆ 8ರಿಂದ 12 ನಿಮಿಷ ಸಾಕು, ಆದರೆ ನಡುವೆ ಒಮ್ಮೆ ತಟ್ಟೆ ಹೊರತೆಗೆದು ಅಲುಗಾಡಿಸದಿದ್ದರೆ ಅಂಚಿನವು ಮೊದಲು ಕಪ್ಪಾಗುತ್ತವೆ. ಎರಡೂ ಕಡೆ ನಡೆಯುವುದು ಒಂದೇ: ಇರುವ ಅಲ್ಪ ತೇವ ಹಾರಿಹೋಗುತ್ತದೆ, ಆಮೇಲೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಬಣ್ಣ, ಘಮ ಹುಟ್ಟುತ್ತವೆ. ಎಣ್ಣೆ ಹಾಕದೆ ಎಂದು ಒತ್ತಿ ಹೇಳಬೇಕಾದಾಗ ಈಗ ಎಲ್ಲರೂ ‘ಡ್ರೈ ರೋಸ್ಟ್ ಮಾಡಿ’ ಎನ್ನುತ್ತಾರೆ. ‘ಬರೀ ಬಾಣಲೆಯಲ್ಲಿ ಹುರಿಯಿರಿ’ ಎಂದರೆ ಅಷ್ಟೇ ಅರ್ಥ, ನಾಲಿಗೆಗೂ ಸಲೀಸು.

ಬದಲಾಗಬೇಕಾದದ್ದು ‘ಉರಿ’. ‘ಸಣ್ಣ ಉರಿಯಲ್ಲಿ ಹುರಿಯಿರಿ’ ಎಂಬ ಸಾಲು ಒಲೆಗೆ ಸರಿ. ಓವನ್ನಿನಲ್ಲಿ ಕಣ್ಣಿಗೆ ಕಾಣುವ ಉರಿಯೇ ಇಲ್ಲ, ಇರುವುದು ಕಾವು. ‘ಕಾವು’ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ: ಉರಿ ಆರಿಸಿದ ಮೇಲೂ ಬಾಣಲೆಯ ಕಾವಿಗೆ ಬೀಜದ ಬಣ್ಣ ಏರುತ್ತಲೇ ಇರುತ್ತದೆ. ‘ಹದಕ್ಕೆ ಬರುವ ತುಸು ಮುಂಚೆಯೇ ತಣ್ಣನೆಯ ತಟ್ಟೆಗೆ ಸುರಿಯಿರಿ, ಇಲ್ಲದಿದ್ದರೆ ಕಾವಿಗೇ ಸೀದುಹೋಗುತ್ತದೆ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಇಷ್ಟಕ್ಕೆ ಒಂದು ವಿವರಣೆ ಬೇಕು.

ಇಲ್ಲಿಯವರೆಗಿನದು ನನ್ನ ಅಭಿಪ್ರಾಯ. ನಿಜವಾಗಿ ನೆರವು ಬೇಕಿರುವುದು ಹದವನ್ನು ಹೇಳುವ ಪದಗಳಿಗೆ. ಕನ್ನಡದ ಅಡುಗೆ ಬರಹಗಳಲ್ಲಿ ಎರಡೇ ಅಳತೆಗೋಲು ಓಡಾಡುತ್ತವೆ: ‘ಕೆಂಪಗಾಗುವವರೆಗೆ’, ‘ಗರಿಗರಿಯಾಗುವವರೆಗೆ’. ಬೀಜಗಳ ಮಟ್ಟಿಗೆ ಎರಡೂ ದಾರಿ ತಪ್ಪಿಸುತ್ತವೆ.

ಕೆಂಪಗಾಗುವುದು ಗೋಡಂಬಿಗೆ, ಸಿಪ್ಪೆ ಸುಲಿದ ಬಾದಾಮಿಗೆ ಸರಿಹೊಂದುತ್ತದೆ. ಸಿಪ್ಪೆಯಿರುವ ಬಾದಾಮಿ ಹೊರಗಿನಿಂದ ಮೊದಲೇ ಕಂದು. ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡಬೇಕು. ಅಕ್ರೋಟಿನಲ್ಲಿ ಬಣ್ಣ ನೋಡುತ್ತ ನಿಂತರೆ ಕೆಟ್ಟಿತು, ಕಣ್ಣಿಗೆ ಗೊತ್ತಾಗುವಷ್ಟು ಕಪ್ಪಾಗುವ ಹೊತ್ತಿಗೆ ಕಹಿ ಬಂದಿರುತ್ತದೆ. ಅದನ್ನು ಮೂಗಿನಿಂದಲೇ ಹುರಿಯಬೇಕು, ಘಮ್ಮೆಂದೊಡನೆ ಇಳಿಸಬೇಕು. ಪಿಸ್ತಾದ ಹಸಿರು ಉಳಿಯಬೇಕೆಂದಿದ್ದರೆ ಕೆಂಪಗಾಗಲೇಬಾರದು. ಹೇಝಲ್‌ನಟ್ಟಿನ ಗುರುತು ಸಿಪ್ಪೆ ಬಿರಿಯುವುದು: ಬಿಸಿಯಿರುವಾಗಲೇ ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಬಹುಪಾಲು ಉದುರುತ್ತದೆ, ಅಲ್ಲಲ್ಲಿ ಅಂಟಿಕೊಂಡದ್ದನ್ನು ಹಾಗೇ ಬಿಡಬಹುದು. ಶೇಂಗಾಕ್ಕೆ ಕಿವಿಯ ಗುರುತೂ ಇದೆ, ಚಟಪಟ.

‘ಗರಿಗರಿ’ಯಂತೂ ಇನ್ನೂ ಅಪಾಯದ ಪದ. ಬಿಸಿ ಬೀಜ ಯಾವತ್ತೂ ಗರಿಗರಿಯಾಗಿರುವುದಿಲ್ಲ, ಕಚ್ಚಿದರೆ ಮೆದುವಾಗಿಯೇ ಇರುತ್ತದೆ. ಆರಿದ ಮೇಲೆ ಗರಿಗರಿಯಾಗುತ್ತದೆ. ‘ಗರಿಗರಿಯಾಗುವವರೆಗೆ ಹುರಿಯಿರಿ’ ಎಂಬ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರ ಬಾಣಲೆಯಲ್ಲಿ ಕೊನೆಗೆ ಕರಕಲೇ ಉಳಿಯುವುದು. ‘ಹುರಿದು ಆರಲು ಬಿಡಿ, ಆರಿದಾಗ ಗರಿಗರಿಯಾಗುತ್ತದೆ’ ಎಂದು ಎರಡು ಹಂತ ಮಾಡುವುದೇ ಸರಿ.

‘ಹಸಿ ವಾಸನೆ ಹೋಗುವವರೆಗೆ’ ನನಗೆ ಇಷ್ಟವಾದ ಮಾತು, ಇವೆರಡಕ್ಕಿಂತ ನಂಬಬಹುದಾದದ್ದು. ‘ಹಸಿ ಗೋಡಂಬಿ’ ಎನ್ನುವಾಗ ಮಾತ್ರ ತುಸು ಯೋಚನೆಯಾಗುತ್ತದೆ. ಅದರ ಹೊರಚಿಪ್ಪಿನಲ್ಲಿ ಚರ್ಮ ಸುಡುವಂಥ ಎಣ್ಣೆ ಇರುವುದರಿಂದ, ಚಿಪ್ಪು ಒಡೆಯುವ ಮೊದಲೇ ಸಾಮಾನ್ಯವಾಗಿ ಹಬೆಯಲ್ಲೋ ಬಿಸಿ ಎಣ್ಣೆಯಲ್ಲೋ ಕಾವು ಕೊಟ್ಟಿರುತ್ತಾರೆ. ಇಲ್ಲಿ ಹಸಿ ಎಂದರೆ ‘ಹುರಿಯದ’ ಎಂದಷ್ಟೇ ಅರ್ಥ. ಬರೆಯುವಾಗ ‘ಹುರಿಯದ ಗೋಡಂಬಿ’ ಎಂದೇ ಬರೆಯುತ್ತಿದ್ದೇನೆ.

ಕೆಟ್ಟ ವಾಸನೆಗಳ ವಿಷಯದಲ್ಲಿ ನಮಗೆ ಬಡತನವಿಲ್ಲ. ಎಣ್ಣೆಯಂಶ ಕೆಟ್ಟು ಬರುವುದು ಕಮಟು, ತೇವ ಕುಡಿದು ಬರುವುದು ಮುಗ್ಗಲು, ಉರಿ ಹೆಚ್ಚಾಗಿ ಬರುವುದು ಸೀದ ವಾಸನೆ. ಮೂರನ್ನೂ ಕಲಸಬಾರದು, ಯಾಕೆಂದರೆ ಮೂರರ ಕಾರಣವೂ ಬೇರೆ. ಹುರಿದ ಬೀಜ ಹುರಿಯದ ಬೀಜಕ್ಕಿಂತ ಬೇಗ ಕಮಟುತ್ತದೆ, ಅದರಲ್ಲೂ ಅಕ್ರೋಟು. ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಗ ಮುಗಿಸಬೇಕು, ಇಲ್ಲವೇ ಫ್ರಿಜ್ಜಿನಲ್ಲಿಡಬೇಕು. ಅಂದಹಾಗೆ ‘ಕಮಟುತ್ತದೆ’ ಎಂದು ಕ್ರಿಯಾಪದ ಮಾಡಿಕೊಂಡಿದ್ದೇನೆ. ಬಳಕೆಯಲ್ಲಿ ಇದೆಯೇ, ‘ಕಮಟು ಹಿಡಿಯುತ್ತದೆ’ ಎಂದೇ ಇರಲಿಯೇ?

ಇವಕ್ಕೆಲ್ಲ ಸೇರಿಸಿ ‘ನಟ್ಸ್’ ಎಂಬುದಕ್ಕೆ ಒಂದೇ ಪದ ಹುಡುಕುವ ಕೆಲಸಕ್ಕೆ ನಾನು ಹೋಗಿಲ್ಲ. ‘ಬೀಜ’ ಸಾಕು. ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ಕಾಳಿನ ಜಾತಿ, ಬಾದಾಮಿ ಒಂದು ಹಣ್ಣಿನ ಓಟೆಯೊಳಗಿನ ತಿರುಳು. ‘ನಟ್’ ಎಂಬ ಇಂಗ್ಲಿಷ್ ಪದವೂ ಅಡುಗೆಮನೆಯಲ್ಲಿ ಅಷ್ಟೇನೂ ಕರಾರುವಾಕ್ಕಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ನಿಮ್ಮ ಆಡುಮಾತಿನಲ್ಲಿ ‘ಬೀಜ ಹುರಿಯಿತು’ ಎಂದು, ಹುರಿಯುವವರನ್ನು ಬಿಟ್ಟು ಹೇಳುವ ರೂಢಿ ಇದೆಯೇ? ಹಸಿ ವಾಸನೆ ಹೋಗಿದೆ, ಬಣ್ಣ ಇನ್ನೂ ತಿರುಗಿಲ್ಲ ಎನ್ನುವ ನಡುವಿನ ಹದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ‘ಬೆಚ್ಚಗೆ ಹುರಿ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಅದು ಬರೀ ಬಿಸಿ ಮಾಡಿದಂತೆ ಕೇಳಿಸುತ್ತದೆ, ಇನ್ನೂ ಖಚಿತವಾದ ಮಾತು ಇದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.