ಗನ್ ಬೈಬ್ಯಾಕ್‌ಗೆ ಸರ್ಕಾರ ದುಡ್ಡು ಹಾಕೋದು ವೇಸ್ಟಾ?

ಹ್ಯೂಸ್ಟನ್_ಹೈದ:
ಇಲ್ಲಿ ಹ್ಯೂಸ್ಟನ್ನಲ್ಲಿ 2022ರಲ್ಲಿ ಸಿಟಿಯವ್ರು ಗನ್ ಬೈಬ್ಯಾಕ್ ಮಾಡಿದ್ರು, ಅಂದ್ರೆ ಜನರ ಹತ್ರ ಇರೋ ಗನ್ನುಗಳನ್ನ ದುಡ್ಡು ಕೊಟ್ಟು ತಗೊಳೋದು, ಕೆಟ್ಟು ಕೂತಿರೋ ಗನ್ನಿಗೆ 50 ಡಾಲರ್, ರೈಫಲ್ಲು ಶಾಟ್‌ಗನ್ನಿಗೆ 100, ಹ್ಯಾಂಡ್‌ಗನ್ನಿಗೆ 150, ಎಲ್ಲಾ ಗಿಫ್ಟ್ ಕಾರ್ಡಲ್ಲಿ, ಯಾರದು ಎಲ್ಲಿಂದ ಬಂತು ಅಂತ ಕೇಳೋ ಹಾಗೇ ಇಲ್ಲ. ದುಡ್ಡು ಕೋವಿಡ್ ಟೈಮಲ್ಲಿ ಫೆಡರಲ್ ಸರ್ಕಾರ ಊರೂರಿಗೆ ಹಂಚಿದ ಫಂಡಿಂದು. ಈಗ ನೋಡಿದ್ರೆ 2025ರಲ್ಲಿ ಟೆಕ್ಸಾಸ್ ಸ್ಟೇಟು ಸಿಟಿ, ಕೌಂಟಿಗಳು ಬೈಬ್ಯಾಕ್ ನಡೆಸ್ಲೇಬಾರ್ದು ಅಂತ ಕಾನೂನೇ ತಂದ್ಬಿಟ್ಟಿದೆ. ನಮ್ ಟ್ಯಾಕ್ಸ್ ದುಡ್ಡಿಂದ ಕ್ರೈಮ್ ಏನಾದ್ರೂ ಕಮ್ಮಿ ಆಗಿತ್ತಾ? ಜಗಳ ಬೇಡ, ಗೊತ್ತಿದ್ದೋರು ಹೇಳಿ.

ಪುಟ್ಟಣ್ಣಯ್ಯ_ಎನ್‌ಜೆ:
ಅದೇ ಹ್ಯೂಸ್ಟನ್ ಬೈಬ್ಯಾಕಲ್ಲಿ ಒಬ್ಬ 3ಡಿ ಪ್ರಿಂಟರಲ್ಲಿ ಪ್ರಿಂಟ್ ಹೊಡ್ಕೊಂಡು ಬಂದ ಗನ್ನುಗಳನ್ನ ರಾಶಿ ಹಾಕಿ ಒಂದಕ್ಕೆ 50ರಂಗೆ ಎಣಿಸ್ಕೊಂಡು ಹೋದ 😂 ನ್ಯೂಯಾರ್ಕಿನ ಯೂಟಿಕಾದಲ್ಲಿ ಇನ್ನೊಬ್ಬ ಹಿಂಗೇ ಮಾಡಿ 21,000 ಡಾಲರ್ ಗಿಫ್ಟ್ ಕಾರ್ಡ್ ತಗೊಂಡ. ಆಮೇಲೆ ರೂಲ್ಸ್ ಬದಲಾಯಿಸಿದ್ರು ಅನ್ನಿ. ಫಿಕ್ಸೆಡ್ ರೇಟ್ ಇಟ್ರೆ ಅದಕ್ಕಿಂತ ಕಮ್ಮಿ ಬೆಲೆದೇ ಬರೋದು, ಸಾವಿರ ಡಾಲರ್ ಗನ್ ಇಟ್ಕೊಂಡಿರೋನು 150ಕ್ಕೆ ಯಾಕ್ ಕೊಡ್ತಾನೆ?

ಶರಾವತಿ:
ಇದು ಇವತ್ತಿನ ಕಥೆ ಅಲ್ಲ. 1974ರಲ್ಲೇ ಬಾಲ್ಟಿಮೋರಲ್ಲಿ ಗನ್ನಿಗೆ 50 ಡಾಲರ್ ಕೊಟ್ಟು ಸುಮಾರು 13,500 ತಗೊಂಡಿದ್ರು, ಕೊಲೆ ಕಮ್ಮಿ ಆಗ್ಲಿಲ್ಲ. 1999ರಲ್ಲಿ ಕ್ಲಿಂಟನ್ ಸರ್ಕಾರ ಒಂದೂವರೆ ಕೋಟಿ ಡಾಲರ್ ತೆಗೆದಿಟ್ಟು ಪಬ್ಲಿಕ್ ಹೌಸಿಂಗ್ (ಬಡವರಿಗೆ ಸರ್ಕಾರ ಕೊಡೋ ಬಾಡಿಗೆ ಮನೆ) ಇರೋ ಊರುಗಳ ಪೊಲೀಸ್ರ ಕೈಲಿ ಮಾಡ್ಸಿತು, 2001ರಲ್ಲಿ ಬುಷ್ ಬಂದು ನಿಲ್ಸಿದ್ರು. 2021ರಲ್ಲಿ ಅರ್ಥಶಾಸ್ತ್ರಜ್ಞರು 1991ರಿಂದ 2015ರವರೆಗಿನ ಡೇಟಾ ಹಾಕಿ ನೋಡಿದ್ರು, ಗನ್ ಕ್ರೈಮ್ ಇಳಿದಿದ್ದಕ್ಕೆ ಸಾಕ್ಷಿ ಸಿಗ್ಲಿಲ್ಲ. ಇಡೀ ದೇಶದಲ್ಲಿ ಜನರ ಹತ್ರ 39 ಕೋಟಿ ಗನ್ ಇವೆ ಅಂತ ಅಂದಾಜು, ಅದ್ರಲ್ಲಿ ಒಂದೂರವ್ರು ಸಾವಿರ ತಗೊಂಡ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮೆಲ್ಬರ್ನ್_ಮೂರ್ತಿ:
ಆಸ್ಟ್ರೇಲಿಯಾದಲ್ಲಿ ವರ್ಕ್ ಆಯ್ತಲ್ಲ ಸ್ವಾಮಿ. 1996ರಲ್ಲಿ ಪೋರ್ಟ್ ಆರ್ಥರಲ್ಲಿ ಒಬ್ಬ ಗುಂಡು ಹಾರಿಸಿ 35 ಜನ ಸತ್ತ ಮೇಲೆ ಮೆಡಿಕೇರ್ ಲೆವಿನ (ಆರೋಗ್ಯಕ್ಕೆ ಅಂತ ಆದಾಯದ ಮೇಲೆ ಹಾಕೋ ಟ್ಯಾಕ್ಸು) ಒಂದು ವರ್ಷಕ್ಕೆ 1.5ರಿಂದ 1.7 ಪರ್ಸೆಂಟಿಗೆ ಏರಿಸಿ ಸುಮಾರು ಆರೂವರೆ ಲಕ್ಷ ಗನ್ ವಾಪಸ್ ತಗೊಂಡ್ರು.

ಶರಾವತಿ:
@ಮೂರ್ತಿ ಅಲ್ಲಿ ಮೊದ್ಲು ಸೆಮಿ ಆಟೋಮ್ಯಾಟಿಕ್ (ಪ್ರತಿ ಗುಂಡಾದ್ಮೇಲೆ ತಾನೇ ಲೋಡ್ ಆಗೋ) ರೈಫಲ್ಲು, ಶಾಟ್‌ಗನ್ನೇ ಬ್ಯಾನ್ ಮಾಡಿ ಆಮೇಲೆ ಪರಿಹಾರ ಅಂತ ದುಡ್ಡು ಕೊಟ್ಟಿದ್ದು, ಇಟ್ಕೊಂಡ್ರೆ ಕೇಸು. ಇಲ್ಲಿ ಇಷ್ಟ ಇದ್ರೆ ಕೊಡಿ ಅನ್ನೋದು, ಸಂಜೆ ಅಂಗಡಿಗೆ ಹೋಗಿ ಹೊಸದು ತಗೋಬಹುದು. ಎರಡಕ್ಕೂ ಹೆಸ್ರು ಬೈಬ್ಯಾಕು ಅಷ್ಟೇ.

ಅಡಿಗೆಮನೆ_ಅತ್ತೆ:
ಕ್ರೈಮ್ ಒಂದೇ ಯಾಕ್ ನೋಡ್ತೀರ? ಇಲ್ಲಿ ಗನ್ನಿಂದ ಸಾಯೋರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ನಮ್ಮ ಪಕ್ಕದ್ಮನೆ ಅಜ್ಜಿ ಗಂಡ ಹೋದ್ಮೇಲೆ ಅವ್ರ ರಿವಾಲ್ವರ್ ಶೂ ಬಾಕ್ಸಲ್ಲಿ ಟವೆಲ್ ಸುತ್ತಿ ಇಟ್ಟಿದ್ರು, ಮುಟ್ಟೋಕೂ ಭಯ, ಮಾರೋಕೂ ಗೊತ್ತಿಲ್ಲ. ಬೈಬ್ಯಾಕ್ ದಿನ ಮಗ ಗುಂಡು ತೆಗೆದು ಡಿಕ್ಕಿಲಿ ಇಟ್ಟ, ನಾನೂ ಜೊತೇಲಿ ಹೋದೆ, ಕಾರಿಂದ ಇಳಿಯೋ ಹಾಗಿಲ್ಲ, ಪೊಲೀಸೇ ಬಂದು ಡಿಕ್ಕಿ ತೆಗೆದು ಎತ್ಕೊಂಡ, ಐದು ನಿಮಿಷದ ಕೆಲ್ಸ. ಅಂಥ ಮನೆಯಿಂದ ಒಂದು ಹೋದ್ರೂ ನನ್ ಪ್ರಕಾರ ದುಡ್ಡು ವೇಸ್ಟಲ್ಲ. ಅದನ್ನ ಕ್ರೈಮ್ ಇಳಿಸ್ತೀವಿ ಅಂತ ಮಾರೋದೇ ತಪ್ಪು.

ಪುಟ್ಟಣ್ಣಯ್ಯ_ಎನ್‌ಜೆ:
ಅತ್ತೆ ಮಾತು ಒಪ್ಪಿದೆ. ಆದ್ರೆ ತಗೊಂಡ ಗನ್ ಏನಾಗುತ್ತೆ ಅಂತನೂ ಸಿಟಿ ಕೌನ್ಸಿಲಲ್ಲಿ ಕೇಳಿ. ಕೆಲವು ಕಂಪನಿಗಳು ಫ್ರೀಯಾಗಿ ನಾಶ ಮಾಡ್ತೀವಿ ಅಂತ ತಗೊಂಡು, ಸೀರಿಯಲ್ ನಂಬರ್ ಇರೋ ಒಂದು ಪೀಸ್ ಮಾತ್ರ ಪುಡಿ ಮಾಡಿ ಉಳಿದ ಪಾರ್ಟ್ಸ್ ಕಿಟ್ ಮಾಡಿ ಆನ್‌ಲೈನಲ್ಲಿ ಮಾರ್ತಾವೆ. ಪೂರ್ತಿ ಕರಗಿಸೋ ಖರ್ಚು ಬಜೆಟ್ಟಲ್ಲಿ ಹಾಕಿಲ್ಲ ಅಂದ್ರೆ ಅದೇ ಕಥೆ.