ತಾರಸಿಯ ಮೇಲೆ ಪಡುಗಾಳಿ, ಬೀದಿಯಲ್ಲಿ ಮೂಡುಗಾಳಿ: ಹೀಗೇಕೆ?

ಪ್ರಶ್ನೆ (ಪಡುಮನೆ)

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಉತ್ತರ–ದಕ್ಷಿಣವಾಗಿ ಹಾದುಹೋಗುವ 30 ಅಡಿ ರಸ್ತೆಯ ಪಶ್ಚಿಮ ಬದಿಯಲ್ಲಿ ನಮ್ಮ ಮನೆಯಿದೆ, ಬಾಗಿಲು ಪೂರ್ವಕ್ಕೆ. ನನ್ನ ಬಾಲ್ಯದಲ್ಲಿ ಬೀದಿಯುದ್ದಕ್ಕೂ ಒಂದೇ ಅಂತಸ್ತಿನ ಮನೆಗಳಿದ್ದವು, ಆಷಾಢದ ಗಾಳಿಗೆ ಜಗಲಿಯ ಮೇಲಿಟ್ಟ ಪತ್ರಿಕೆ ಹಾರಿಹೋಗುತ್ತಿತ್ತು. ಈಗ ಎರಡೂ ಬದಿಗಳಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳು ಸಾಲಾಗಿ ಎದ್ದಿವೆ. ನನಗೆ ಅರ್ಥವಾಗದಿರುವುದು ಇಷ್ಟು: ತಾರಸಿಯಲ್ಲಿ ಒಣಹಾಕಿದ ಬಟ್ಟೆ ಪೂರ್ವಕ್ಕೆ ಹಾರುತ್ತಿರುವಾಗಲೇ ಕೆಳಗೆ ಬೀದಿಯ ಧೂಳು ಮತ್ತು ವಾಹನಗಳ ಹೊಗೆ ಪಶ್ಚಿಮಕ್ಕೆ, ಅಂದರೆ ನಮ್ಮ ಬಾಗಿಲಿಗೇ, ಬರುತ್ತವೆ. ಎದುರು ಮನೆಯವರಿಗೆ ಈ ತೊಂದರೆ ಅಷ್ಟಿಲ್ಲ. ತಾಯಿಯವರಿಗೆ ಉಬ್ಬಸವಿರುವುದರಿಂದ ಕಾರಣ ತಿಳಿಯುವುದು ನನಗೆ ಮುಖ್ಯವಾಗಿದೆ.

ಉತ್ತರ 1 (ಗಾಳಿಗುರುತು)

ನೀವು ಕಂಡದ್ದು ಸರಿಯಾಗಿಯೇ ಇದೆ. ಬೀದಿಯ ಗಾಳಿಯನ್ನು ನಿರ್ಧರಿಸುವುದು ಕಟ್ಟಡದ ಎತ್ತರವೊಂದೇ ಅಲ್ಲ. ಆ ಎತ್ತರಕ್ಕೂ ಎದುರುಬದುರು ಗೋಡೆಗಳ ನಡುವಿನ ಅಂತರಕ್ಕೂ ಇರುವ ಅನುಪಾತ. ರಸ್ತೆಯ 30 ಅಡಿಗೆ ಎರಡೂ ಬದಿಯ ಐದೈದು ಅಡಿ ಖಾಲಿ ಜಾಗ ಸೇರಿಸಿದರೆ ಅಂತರ 40 ಅಡಿ ಎಂದುಕೊಳ್ಳೋಣ. ಹಳೆಯ ಮನೆಗಳು 12 ಅಡಿ ಎತ್ತರವಿದ್ದಿದ್ದರೆ ಅನುಪಾತ 0.3, ಈಗಿನವು 44 ಅಡಿಯಾದರೆ 1.1.

ನಗರ ಹವಾಮಾನ ವಿಜ್ಞಾನಿ ಟಿಮ್ ಓಕ್ 1988ರಲ್ಲಿ ಪ್ರಕಟಿಸಿದ ಪ್ರಸಿದ್ಧ ವರ್ಗೀಕರಣದ ಪ್ರಕಾರ, ಬೀದಿಗೆ ಅಡ್ಡಲಾಗಿ ಬೀಸುವ ಗಾಳಿ ಅನುಪಾತ ಸುಮಾರು 0.3ರ ಒಳಗಿದ್ದಾಗ ಒಂದು ಸಾಲನ್ನು ದಾಟಿ ಮತ್ತೆ ನೆಲಕ್ಕಿಳಿಯುತ್ತದೆ, 0.7ನ್ನು ಮೀರಿದರೆ ಅದರ ಬಹುಭಾಗ ಸೂರಿನಿಂದ ಸೂರಿಗೆ ಜಾರಿಕೊಂಡು ಹೋಗುತ್ತದೆ. ನಿಮ್ಮ ಬೀದಿ ಒಂದೇ ತಲೆಮಾರಿನಲ್ಲಿ ಮೊದಲ ಸ್ಥಿತಿಯಿಂದ ಕೊನೆಯ ಸ್ಥಿತಿಗೆ ಬಂದಿದೆ.

ಹೀಗೆ ಮೇಲೆ ಜಾರುವ ಗಾಳಿ ಕೆಳಗಿನ ಗಾಳಿಯನ್ನು ಉರುಳೆಯಂತೆ ತಿರುಗಿಸುತ್ತದೆ. ಪಡುಗಾಳಿ ಎದುರು ಮನೆಯ ಗೋಡೆಗೆ ಬಡಿದು ಕೆಳಗಿಳಿದು, ನೆಲದ ಮೇಲೆ ಪಶ್ಚಿಮಕ್ಕೆ ಸರಿದು, ನಿಮ್ಮ ಗೋಡೆಯನ್ನು ಹತ್ತುತ್ತದೆ. ಎದುರು ಗೋಡೆಗೆ ಸಿಗುವುದು ಸೂರಿನ ಮೇಲಿಂದ ಇಳಿದ ಗಾಳಿ. ನಿಮಗೆ ಸಿಗುವುದು ರಸ್ತೆಯನ್ನು ಗುಡಿಸಿಕೊಂಡು ಬಂದದ್ದು. ಗಾಳಿಯ ಮರೆಯಲ್ಲಿರುವ ಗೋಡೆಯ ಬಳಿಯೇ ಹೊಗೆ ಹೆಚ್ಚು ಸೇರುತ್ತದೆ ಎಂಬುದು ಅನೇಕ ನಗರಗಳ ಅಳತೆಗಳಲ್ಲಿ ಕಂಡುಬಂದಿರುವ ಸಂಗತಿ.

ಉತ್ತರ 2 (ಮೂಲೆಮನೆ)

ಮೇಲಿನ ವಿವರಣೆಗೆ ಕೆಲವು ಮಿತಿಗಳನ್ನು ಸೇರಿಸಬೇಕು. ಗಾಳಿ ತೀರಾ ಮಂದವಾಗಿದ್ದರೆ ಸುಳಿ ಕಟ್ಟುವುದೇ ಇಲ್ಲ. ಅನುಪಾತ ಎರಡರ ಆಸುಪಾಸಿಗೆ ಏರಿದರೆ ಮೇಲಿನ ಸುಳಿಯ ಕೆಳಗೆ ಪ್ರತಿದಿಕ್ಕಿನಲ್ಲಿ ತಿರುಗುವ ಇನ್ನೊಂದು ದುರ್ಬಲ ಸುಳಿ ಹುಟ್ಟಬಹುದು, ಆಗ ನೆಲಮಟ್ಟದ ಗಾಳಿ ಬಹುತೇಕ ಸತ್ತಂತೆಯೇ. ಗಾಳಿ ಬೀದಿಯ ಉದ್ದಕ್ಕೆ ಬೀಸಿದರೆ ಅದೇ ಬೀದಿ ಕಾಲುವೆಯಾಗುತ್ತದೆ.

ಸುತ್ತಲಿನವಕ್ಕಿಂತ ಬಹಳ ಎತ್ತರದ ಒಂಟಿ ಕಟ್ಟಡದ ಕಥೆಯೇ ಬೇರೆ: ಅದು ಮೇಲಿನ ವೇಗದ ಗಾಳಿಯನ್ನು ನೆಲಕ್ಕೆ ಎಳೆಯುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 112 ಮೀಟರ್ ಎತ್ತರದ ಬ್ರಿಜ್‌ವಾಟರ್ ಪ್ಲೇಸ್ ಕಟ್ಟಡದ ಬುಡದಲ್ಲಿ 2011ರಲ್ಲಿ ಬಿರುಗಾಳಿಗೆ ಲಾರಿಯೊಂದು ಮಗುಚಿ ಪಾದಚಾರಿಯೊಬ್ಬರು ಮೃತಪಟ್ಟರು. ಮುಂದೆ ಅಲ್ಲಿ ಗಾಳಿತಡೆಗಳನ್ನು ನಿಲ್ಲಿಸಬೇಕಾಯಿತು. ಇದಕ್ಕೆ ವ್ಯತಿರಿಕ್ತವಾಗಿ ಹಾಂಗ್‌ಕಾಂಗಿನ ಸಮಸ್ಯೆ ನಿಮ್ಮದರಂತೆ ನಿಶ್ಚಲ ಗಾಳಿಯದು. 2003ರ ಸಾರ್ಸ್ ಪಿಡುಗಿನ ಅನುಭವದ ನಂತರ, 2006ರಲ್ಲಿ, ಅಲ್ಲಿನ ಸರ್ಕಾರ ದೊಡ್ಡ ಯೋಜನೆಗಳಿಗೆ ಗಾಳಿಯಾಟದ ಮೌಲ್ಯಮಾಪನದ ಪದ್ಧತಿಯನ್ನು ತಂದಿತು. ಕಟ್ಟಡಗಳ ನಡುವೆ ತೆರಪು ಬಿಡುವುದು ಮತ್ತು ಎತ್ತರಗಳನ್ನು ಏರಿಳಿತವಾಗಿಡುವುದು ಅಲ್ಲಿ ಒತ್ತಿ ಹೇಳುವ ಉಪಾಯಗಳು. ನಮ್ಮಲ್ಲಿ ಪಕ್ಕದ ಖಾಲಿ ಜಾಗವನ್ನೂ ಮುಚ್ಚಿ ಕಟ್ಟುವವರು ಬೀದಿಯ ಉಸಿರುಕಂಡಿಯನ್ನೇ ಮುಚ್ಚುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಮಟ್ಟಿಗೆ, ಪಡುಗಾಳಿಯ ತಿಂಗಳುಗಳಲ್ಲಿ ವಾಹನ ದಟ್ಟಣೆಯ ಹೊತ್ತು ಬೀದಿಬದಿಯ ಕಿಟಕಿಗಳನ್ನು ಮುಚ್ಚಿ, ಹಿಂಬದಿಯ ಕಿಟಕಿಯಿಂದ ಗಾಳಿ ತೆಗೆದುಕೊಳ್ಳಿ. ಹೊಗೆ ನಿಮ್ಮ ಗೋಡೆಯನ್ನೇ ಹತ್ತುವುದರಿಂದ ಮುಂಬದಿಯ ಮೇಲಂತಸ್ತಿನ ಕಿಟಕಿಯೂ ಪೂರ್ತಿ ಸುರಕ್ಷಿತವಲ್ಲ.

ಪ್ರಶ್ನೆ ಕೇಳಿದವರ ಮರುನುಡಿ (ಪಡುಮನೆ)

ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ಗೇಟಿನ ಬಳಿ ಊದುಬತ್ತಿ ಹಿಡಿದು ನೋಡಿದೆ: ಹೊಗೆ ಮನೆಯ ಕಡೆಗೆ ಬಾಗಿ, ಗೋಡೆಯನ್ನು ಮುಟ್ಟಿ ಮೇಲಕ್ಕೇರಿತು. ನಂತರ ಎದುರು ಮನೆಯವರನ್ನು ವಿಚಾರಿಸಿದಾಗ, ದೀಪಾವಳಿಯ ನಂತರ ಮೂಡುಗಾಳಿ ತೊಡಗಿದ ಮೇಲೆ ಹೊಗೆಯ ಕಾಟ ತಮ್ಮ ಬಾಗಿಲಿಗೆ ಹೆಚ್ಚುತ್ತದೆಂದೂ, ಆಗ ತಾವೇ ಕಿಟಕಿ ಮುಚ್ಚುತ್ತೇವೆಂದೂ ಹೇಳಿದರು. ಇಷ್ಟು ವರ್ಷಗಳಲ್ಲಿ ನಾವು ಪರಸ್ಪರ ಕೇಳಿಕೊಂಡಿರಲೇ ಇಲ್ಲ. ತಾಯಿಯವರ ಮಂಚವನ್ನು ಹಿಂದಿನ ಕೋಣೆಗೆ ಸಾಗಿಸಿದ್ದೇವೆ.