ಪುಟದಲ್ಲಿ ಸರಿ, ರಾತ್ರಿಯ ಮೇಲ್‌ನಲ್ಲಿ ಮಾತ್ರ ಲೇಜಿ ಇನಿಶಿಯಲೈಜೇಶನ್ ಎಕ್ಸೆಪ್ಶನ್

ಬನಶಂಕರಿ ಓದುಗ:
ನಮ್ಮ ಬಡಾವಣೆಯ ವಾಚನಾಲಯಕ್ಕೆ ಜಾವಾದ ಸ್ಪ್ರಿಂಗ್ ಬೂಟ್, ಡೇಟಾಬೇಸಿನ ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿ ತರುವ ಹೈಬರ್ನೇಟ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸಿ ಸಣ್ಣದೊಂದು ಜಾಲತಾಣ ಮಾಡಿದ್ದೇನೆ. ಸದಸ್ಯರ ಪುಟ ತೆರೆದರೆ ಅವರು ಒಯ್ದ ಪುಸ್ತಕಗಳೆಲ್ಲ ಕಾಣುತ್ತವೆ. ಆದರೆ ಅವಧಿ ಮೀರಿದವರಿಗೆ ರಾತ್ರಿ ತಾನಾಗಿ ಮೇಲ್ ಕಳುಹಿಸುವ ಕೆಲಸ ಅದೇ ಪಟ್ಟಿಯನ್ನು ಮುಟ್ಟಿದ ಕೂಡಲೇ ನಿಂತುಬಿಡುತ್ತದೆ. ಲಾಗ್‌ನಲ್ಲಿರುವುದು ‘ಕುಡ್ ನಾಟ್ ಇನಿಶಿಯಲೈಜ್ ಪ್ರಾಕ್ಸಿ, ನೋ ಸೆಷನ್’. ಪಟ್ಟಿ ಓದುವ ಮೆಥಡ್ ಇಡಿಯಾಗಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯಲೆಂದು ಅದರ ಮೇಲೆ @ಟ್ರಾನ್ಸಾಕ್ಷನಲ್ ಇದೆ. ಎಂಟಿಟಿ (ಟೇಬಲ್ಲಿಗೆ ಹೊಂದುವ ಕ್ಲಾಸ್) ಅದೇ, ಅದನ್ನು ಡೇಟಾಬೇಸಿನಿಂದ ತರುವ ರೆಪಾಸಿಟರಿಯೂ ಅದೇ. ಅಲ್ಲಿ ನಡೆಯುವುದು ಇಲ್ಲೇಕೆ ನಡೆಯುವುದಿಲ್ಲ?

ವಿಜಯನಗರ ಕೋಡರ್:
ಸದಸ್ಯ-ಪುಸ್ತಕ ಸಂಬಂಧವನ್ನು ಈಗರ್ ಮಾಡಿಬಿಡಿ, ಅಂದರೆ ಸದಸ್ಯರನ್ನು ತಂದಾಗಲೇ ಪುಸ್ತಕಗಳೂ ಬರಲಿ. ದೋಷ ಮಾಯವಾಗುತ್ತದೆ.

ಗಿರಿನಗರದ ಹಳಬ:
ಮಾಯವಾಗುತ್ತದೆ, ನಿಜ. ಆಮೇಲೆ ಎಲ್ಲ ಸದಸ್ಯರನ್ನು ತರುವ ಒಂದು ಕ್ವೆರಿಯ ಬೆನ್ನಿಗೆ ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಕ್ವೆರಿ ಓಡುತ್ತದೆ. ಬರೀ ಹೆಸರು ಬೇಕಾದ ಪುಟಕ್ಕೂ ಪುಸ್ತಕಗಳ ಹೊರೆ. ಅದು ಬೇಡ.

ಓದುಗರೇ, ನಿಮ್ಮ ಪುಟ ನಡೆಯುತ್ತಿರುವುದೇ ಇಲ್ಲಿ ದಾರಿ ತಪ್ಪಿಸುತ್ತಿದೆ. ಸ್ಪ್ರಿಂಗ್ ಬೂಟ್‌ನಲ್ಲಿ ‘ಓಪನ್ ಇನ್ ವ್ಯೂ’ ಮೊದಲಿನಿಂದಲೇ ಚಾಲೂ ಇರುತ್ತದೆ. ವೆಬ್ ಕೋರಿಕೆ ಬಂದಾಗ ತೆರೆದ ಸೆಷನ್ (ಡೇಟಾಬೇಸಿನೊಂದಿಗೆ ಹೈಬರ್ನೇಟ್‌ನ ಕೊಂಡಿ) ಪುಟ ಸಿದ್ಧವಾಗುವವರೆಗೂ ತೆರೆದೇ ಇರುತ್ತದೆ. ಟೆಂಪ್ಲೇಟ್ ಪುಸ್ತಕಗಳನ್ನು ಕೇಳಿದಾಗ ಹೈಬರ್ನೇಟ್ ಸದ್ದಿಲ್ಲದೆ ಹೋಗಿ ತರುತ್ತದೆ. ರಾತ್ರಿಯ ಕೆಲಸ ವೆಬ್ ಕೋರಿಕೆಯಲ್ಲ, ಅದಕ್ಕೆ ಈ ಸೌಕರ್ಯವಿಲ್ಲ. ರೆಪಾಸಿಟರಿಯ ಮೆಥಡ್ ಮುಗಿದೊಡನೆ ಸೆಷನ್ ಮುಚ್ಚುತ್ತದೆ, ಕೈಯಲ್ಲಿ ಉಳಿಯುವುದು ಕೊಂಡಿ ಕಳಚಿದ ಪ್ರಾಕ್ಸಿ, ಅಂದರೆ ಕೇಳಿದಾಗಷ್ಟೇ ತುಂಬಿಕೊಳ್ಳುವ (ಲೇಜಿ) ಪಟ್ಟಿಯ ಖಾಲಿ ಬದಲಿ.

@ಟ್ರಾನ್ಸಾಕ್ಷನಲ್ ಏಕೆ ಕೆಲಸ ಮಾಡಲಿಲ್ಲ ಎಂದು ಹೇಳುವ ಮೊದಲು ಒಂದು ಪ್ರಶ್ನೆ: ಆ ಮೆಥಡ್ಡನ್ನು ಕರೆಯುವವರು ಯಾರು?

ಬನಶಂಕರಿ ಓದುಗ:
ಅದೇ ಕ್ಲಾಸಿನಲ್ಲಿರುವ, ನಿಗದಿತ ಹೊತ್ತಿಗೆ ತಾನಾಗಿ ಓಡುವ @ಶೆಡ್ಯೂಲ್ಡ್ ಮೆಥಡ್, ಸರ್.

ಗಿರಿನಗರದ ಹಳಬ:
ಹಾಗಾದರೆ ಸಿಕ್ಕಿತು. ಟ್ರಾನ್ಸಾಕ್ಷನ್ ಆರಂಭಿಸುವುದು ನಿಮ್ಮ ಕ್ಲಾಸಲ್ಲ, ಸ್ಪ್ರಿಂಗ್ ಅದರ ಸುತ್ತ ಹೊದಿಸಿದ ಪ್ರಾಕ್ಸಿ (ಮೇಲೆ ಹೇಳಿದ ಹೈಬರ್ನೇಟ್ ಪ್ರಾಕ್ಸಿಯಲ್ಲ, ಇದು ಬೇರೆ). ಒಂದೇ ಕ್ಲಾಸಿನೊಳಗೆ ಒಂದು ಮೆಥಡ್ ಇನ್ನೊಂದನ್ನು ಕರೆದರೆ ಆ ಕರೆ ಪ್ರಾಕ್ಸಿಯ ಮೂಲಕ ಹೋಗುವುದೇ ಇಲ್ಲ. ಬಾಗಿಲಲ್ಲಿ ಕಾವಲುಗಾರನಿದ್ದಾನೆ, ನೀವು ಅಡುಗೆಮನೆಯಿಂದ ನಡುಮನೆಗೆ ನಡೆದಿರಿ, ಅವನು ದಾಖಲಿಸುವುದೇನನ್ನು? ಓದುವ ಭಾಗವನ್ನು ಬೇರೆ ಸರ್ವಿಸ್ ಕ್ಲಾಸಿಗೆ ಸಾಗಿಸಿ.

ಅದರ ಜೊತೆಗೆ, ಮೇಲ್‌ಗೆ ಬೇಕಾದ್ದನ್ನು ಕ್ವೆರಿಯಲ್ಲೇ ಕೇಳಿ: ಸದಸ್ಯರ ಜೊತೆ ಎರವಲುಗಳನ್ನೂ ಒಂದೇ ಕ್ವೆರಿಯಲ್ಲಿ ತರುವ ‘ಜಾಯಿನ್ ಫೆಚ್’ ಮಾಡಿ, ಇಲ್ಲವೇ ಎಂಟಿಟಿ ಗ್ರಾಫ್ ಬಳಸಿ. ಹೆಸರು, ವಿಳಾಸ, ಪುಸ್ತಕ, ದಿನಾಂಕ ಇಷ್ಟೇ ಸಾಕೆಂದರೆ ಅವುಗಳನ್ನಷ್ಟೇ ಡಿಟಿಒಗೆ (ಬೇಕಾದ ಮಾಹಿತಿಯನ್ನಷ್ಟೇ ಹೊರುವ ಸರಳ ಆಬ್ಜೆಕ್ಟ್) ತುಂಬಿಸುವುದು ನನಗೆ ಇನ್ನೂ ಇಷ್ಟ. ಮೇಲ್ ಕಳುಹಿಸುವುದು ಮಾತ್ರ ಟ್ರಾನ್ಸಾಕ್ಷನ್ ಹೊರಗಿರಲಿ. ಮೇಲ್ ಸರ್ವರ್ ತಡಮಾಡಿದರೆ ಡೇಟಾಬೇಸ್ ಸಂಪರ್ಕವನ್ನು ಅಷ್ಟೂ ಹೊತ್ತು ಹಿಡಿದಿಟ್ಟಂತಾಗುತ್ತದೆ. ಡೇಟಾಬೇಸ್ ಸಂಪರ್ಕಗಳನ್ನು ಹಂಚುವ ಹಿಕಾರಿ ಪೂಲ್ ತಾನಾಗಿ ಕೊಡುವುದು 10 ಸಂಪರ್ಕಗಳನ್ನು ಮಾತ್ರ.

ಸೆಷನ್ ಮುಚ್ಚಿದ ಮೇಲೂ ಲೇಜಿ ಪಟ್ಟಿ ತರಲು ಬಿಡುವ ‘ಎನೇಬಲ್ ಲೇಜಿ ಲೋಡ್ ನೋ ಟ್ರಾನ್ಸ್’ ಎಂಬ ಸೆಟ್ಟಿಂಗ್ ಹಾಕಲು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಕಬೇಡಿ.

ಬನಶಂಕರಿ ಓದುಗ:
ಕ್ಲಾಸ್ ಬೇರೆ ಮಾಡಿ ಜಾಯಿನ್ ಫೆಚ್ ಹಾಕಿದೆ, ಎರವಲುಗಳು ಬಂದವು. ಆದರೆ ಕಾಯ್ದಿರಿಸಿದ ಪುಸ್ತಕಗಳನ್ನೂ ಅದೇ ಕ್ವೆರಿಗೆ ಸೇರಿಸಿದಾಗ ‘ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಶನ್’ ಬಂತು.

ಗಿರಿನಗರದ ಹಳಬ:
ಎರಡೂ ಲಿಸ್ಟ್ ಅಲ್ಲವೇ? ಅಂಥ ಲಿಸ್ಟನ್ನು ಹೈಬರ್ನೇಟ್ ‘ಬ್ಯಾಗ್’ ಎನ್ನುತ್ತದೆ, ಒಂದೇ ಕ್ವೆರಿಯಲ್ಲಿ ಎರಡು ಬ್ಯಾಗ್ ತರಲು ಒಪ್ಪುವುದಿಲ್ಲ. ಲಿಸ್ಟ್ ಬದಲು ಸೆಟ್ ಮಾಡಿದರೆ ದೋಷ ಹೋಗುತ್ತದೆ, ಗುಣಾಕಾರ ಹೋಗುವುದಿಲ್ಲ: 5 ಎರವಲು, 4 ಕಾಯ್ದಿರಿಸುವಿಕೆ ಇರುವ ಒಬ್ಬ ಸದಸ್ಯನಿಗೆ 20 ಸಾಲು ಬರುತ್ತವೆ. ಒಂದೇ ಟ್ರಾನ್ಸಾಕ್ಷನ್ ಒಳಗೆ ಎರಡು ಕ್ವೆರಿ ಮಾಡಿ, ಒಂದರಲ್ಲಿ ಎರವಲು, ಇನ್ನೊಂದರಲ್ಲಿ ಕಾಯ್ದಿರಿಸಿದ್ದು. ಸೆಷನ್ ಒಂದೇ ಆದ್ದರಿಂದ ಎರಡೂ ಅದೇ ಸದಸ್ಯ ಆಬ್ಜೆಕ್ಟ್‌ಗಳಿಗೆ ಬಂದು ಸೇರುತ್ತವೆ.

ಬನಶಂಕರಿ ಓದುಗ:
ಈಗ ಮೇಲ್ ಹೋಗುತ್ತಿದೆ, ಧನ್ಯವಾದ ಸರ್. ಓಪನ್ ಇನ್ ವ್ಯೂ ನಿಲ್ಲಿಸಿಬಿಡಲೇ?

ಗಿರಿನಗರದ ಹಳಬ:
ನಿಲ್ಲಿಸಿ, ಆದರೆ ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಒಂದಷ್ಟು ಪುಟಗಳು ಇದೇ ದೋಷ ಕೊಟ್ಟು ನಿಲ್ಲುತ್ತವೆ. ಟೆಂಪ್ಲೇಟ್‌ನಿಂದ ಡೇಟಾಬೇಸಿಗೆ ಕದ್ದು ಹೋಗುತ್ತಿದ್ದ ಪುಟಗಳು ಅವೇ. ಒಂದೊಂದಕ್ಕೂ ಸರಿಯಾದ ಕ್ವೆರಿ ಬರೆದ ಮೇಲೆ ಸರ್ವರ್‌ಗೆ ಹಾಕಿ.